ಅಪ್‌ಡೇಟ್: ಸೇಲ್‌ಫಿಶ್ ಫ್ಲೈ ಕಚ್ಚಿತು!

ಸೇಲ್‌ಫಿಶ್ (ಉದ್ದ ಕೊಕ್ಕಿನ ದೊಡ್ಡ ಸಮುದ್ರ ಮೀನು) ಬಂದಾಗ ಫ್ಲೈಯನ್ನು (ಗರಿ, ನೂಲು ಕಟ್ಟಿ ಮಾಡಿದ ಗಾಳ) ಅದರ ಮುಂದೆ ಎಸೆಯಬೇಕಾ, ಹಿಂದೆಯಾ ಅಂತ ಕೇಳಿದ್ದೆ. ಹಿಂದೆ ಅಂದವರಿಗೆ ತುಂಬಾ ಥ್ಯಾಂಕ್ಸ್.

ಗ್ವಾಟೆಮಾಲಾದ ಇಸ್ತಾಪಾದಿಂದ ಪೆಸಿಫಿಕ್‌ಗೆ ಹೋಗಿದ್ದೆವು. ಮೀನನ್ನು ಸೆಳೆಯಲು ದೋಣಿಯ ಹಿಂದೆ ಎಳೆಯುವ ಆಮಿಷ, ಅಂದರೆ ಟೀಸರ್‌ಗೆ, ಗಾಳ ಇರುವುದಿಲ್ಲ. ಮೀನು ಅದರ ಬೆನ್ನು ಹತ್ತಿ ಬಂತು, ಮೈಯೆಲ್ಲ ನೀಲಿ ಹೊಳಪು. ಕ್ಯಾಪ್ಟನ್ ಎಂಜಿನ್ ನ್ಯೂಟ್ರಲ್‌ಗೆ ಹಾಕಿದರು, ಟೀಸರ್ ಮೇಲೆತ್ತಿದರು. ನಾನು ಬಾಲದ ಕಡೆ ಎಸೆದೆ. ಗಕ್ಕನೆ ತಿರುಗಿ ಕಚ್ಚಿತು! ತಿರುಗಿದ್ದರಿಂದಲೇ ಗಾಳ ಬಾಯಿಯ ಮೂಲೆಗೆ ನಾಟಿತು. ಎದುರಿಗೆ ಬಂದು ಕಚ್ಚಿದರೆ ಕೊಕ್ಕು ಗಟ್ಟಿ, ನಾಟುವುದು ಕಷ್ಟ ಅಲ್ವಾ? ಗಾಳ ಗಟ್ಟಿಯಾಗಿ ನಾಟಲಿ ಅಂತ ರಾಡ್ ಎತ್ತದೆ ಕೈಯಲ್ಲೇ ಲೈನ್ ಎಳೆದೆ.

ಫೋಟೋಗೂ ಮೇಲೆತ್ತಲಿಲ್ಲ, ನೀರಲ್ಲೇ ಬಿಟ್ಟೆವು. ಹಾಗೇ ಆಗಬೇಕು.

ಹೋಗುವವರಿಗೆ: 12-ವೇಟ್ ರಾಡ್ (ಈ ಸಂಖ್ಯೆ ಹೆಚ್ಚಿದಷ್ಟು ರಾಡ್ ಬಲವಾಗಿರುತ್ತದೆ) ಸಾಕು. ಬ್ಯಾಕಿಂಗ್ (ರೀಲ್‌ನಲ್ಲಿ ಫ್ಲೈ ಲೈನ್‌ನ ಹಿಂದೆ ಜೋಡಿಸುವ ತೆಳು ದಾರ) ಮಾತ್ರ ಜಾಸ್ತಿ ಸುತ್ತಿಕೊಳ್ಳಿ, ಮೊದಲ ಓಟದಲ್ಲೇ ಫ್ಲೈ ಲೈನ್ ಪೂರ್ತಿ ಹೊರಗೆ ಹೋಗುತ್ತದೆ.