ಚೂರ್ಣದಲ್ಲಿ ಭಂಗಿ ಇದೆ, ಅಮಲೇರುತ್ತದೆಯೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅತ್ತೆಯವರಿಗೆ ಗ್ರಹಣಿಗೆ (ಪದೇಪದೇ ಕಾಡುವ ಭೇದಿಗೆ) ಜಾತಿಫಲಾದಿ ಚೂರ್ಣ ಬರೆದುಕೊಟ್ಟಿದ್ದಾರೆ. ಡಬ್ಬಿ ಮೇಲೆ ‘ಭಂಗಾ’ ಅಂತಿದೆ. ಇದು ಗಾಂಜಾನೇ ಅಲ್ವಾ? ಶುದ್ಧಿ ಮಾಡಿರೋದರಿಂದ ಅಮಲು ಇರಲ್ಲ ಅಂತಾರೆ, ನಿಜವೇ?

ಉತ್ತರ (ಆಯುರ್ವೇದ ವೈದ್ಯೆ, ದ್ರವ್ಯಗುಣ ಅಂದರೆ ಔಷಧದ್ರವ್ಯಗಳ ಶಾಸ್ತ್ರ): ಗಿಡ ಒಂದೇ, ಭಾಗ ಬೇರೆ. ಎಲೆ ಭಂಗಿ, ಹೆಣ್ಣು ಗಿಡದ ಹೂತೆನೆ ಗಾಂಜಾ, ರಾಳ ಚರಸ್. ಹೆಣ್ಣು ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅದನ್ನು ಅಪ್ಪಿಕೊಂಡ ಪುಟ್ಟ ಎಲೆಯ ಮೇಲೆ ಗುಂಡುಸೂಜಿಯಂಥ ರೋಮಗಳು ಕಾಣುತ್ತವೆ. ಅವುಗಳ ತಲೆಯಲ್ಲಿರುವ ಅಂಟಿನಲ್ಲೇ ಅಮಲಿನ ಅಂಶ, ಅಂದರೆ ಟಿಎಚ್‌ಸಿ, ಹೆಚ್ಚು. ಎಲೆಯಲ್ಲಿ ಕಡಿಮೆ, ಆದರೆ ಇದ್ದೇ ಇದೆ.

ಇನ್ನು ಶುದ್ಧಿಯ ವಿಷಯ. ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಹಸಿರು ಬಿಡುವುದು ನಿಲ್ಲುವವರೆಗೆ ತೊಳೆದು, ಒಣಗಿಸಿ, ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯುವುದು ಒಂದು ಕ್ರಮ. ಟಿಎಚ್‌ಸಿ ನೀರಿಗೆ ಕರಗದು, ಜಿಡ್ಡಿಗೆ ಕರಗುತ್ತದೆ. ಹಸಿ ಗಿಡದಲ್ಲಿ ಅದು ಬಹುಪಾಲು ಆಮ್ಲರೂಪದಲ್ಲಿದ್ದು, ಬಿಸಿ ತಾಗಿದಾಗಲೇ ಅಮಲಿನ ರೂಪಕ್ಕೆ ಬರುತ್ತದೆ. ಹಾಗಾಗಿ ಶುದ್ಧಿಯಿಂದ ಅಮಲು ಹೋಗುತ್ತದೆ ಅನ್ನುವುದನ್ನು ದಯವಿಟ್ಟು ನಂಬಬೇಡಿ.

ಪ್ರಶ್ನೆ: ಹಾಗಾದ್ರೆ ಚೂರ್ಣದಲ್ಲಿ ಎಷ್ಟಿರುತ್ತೆ ಮೇಡಂ?

ಉತ್ತರ: ಹಳೆಯ ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನ ಪಾಠದಂತೆ ಜಾಯಿಕಾಯಿ, ಲವಂಗ, ಏಲಕ್ಕಿ ಮುಂತಾದವೆಲ್ಲ ಸೇರಿದಷ್ಟು ತೂಕ ಭಂಗಿ, ಆಮೇಲೆ ಅದೆಲ್ಲ ಕೂಡಿದಷ್ಟು ಸಕ್ಕರೆ. ಅಂದರೆ ಕಾಲು ಪಾಲು ಭಂಗಿ. 2 ಗ್ರಾಂ ಚೂರ್ಣದಲ್ಲಿ ಅರ್ಧ ಗ್ರಾಂ. ಕರುಳಿನ ನರಗಳ ಮೇಲೆ ಕೆಲಸ ಮಾಡಿ ಅದರ ಚಲನೆ ತಗ್ಗಿಸುವುದರಿಂದ ಭೇದಿ ಕಟ್ಟುತ್ತದೆ. ಆಯುರ್ವೇದದ ನಿಘಂಟುಗಳು, ಅಂದರೆ ಮೂಲಿಕೆಗಳ ಗುಣ ಹೇಳುವ ಗ್ರಂಥಗಳು, ಭಂಗಿಯನ್ನು ‘ಗ್ರಾಹಿ’ (ಮಲ ಕಟ್ಟುವಂಥದ್ದು) ಎನ್ನುವುದು ಇದಕ್ಕೇ. ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ ಹೀಗೆ ಕಟ್ಟಿಹಾಕಬಾರದು.

ಹೊಟ್ಟೆಗೆ ತೆಗೆದುಕೊಂಡದ್ದು ಅರ್ಧದಿಂದ 2 ಗಂಟೆಯ ನಂತರ ತಲೆಗೇರುತ್ತದೆ. ‘ಏನೂ ಆಗಲಿಲ್ಲ’ ಅಂತ ಇನ್ನೊಂದು ಚಮಚ ಕೊಡುವುದೇ ಎಲ್ಲರೂ ಮಾಡುವ ತಪ್ಪು. ವಯಸ್ಸಾದವರಿಗೆ ತಲೆಸುತ್ತಿ ಬೀಳುವ ಭಯವಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ, ನಿದ್ದೆಮಾತ್ರೆ, ಹೃದಯದ ತೊಂದರೆ ಇದ್ದರೆ ಬರೆದುಕೊಟ್ಟ ವೈದ್ಯರಿಗೆ ಮೊದಲೇ ಹೇಳಿ.

ಇನ್ನೊಬ್ಬರು: ಹಿತ್ತಲಲ್ಲಿ ಭಂಗಿಯಂಥದ್ದೇ ಎಲೆಯ ಗಿಡ ಎದ್ದಿದೆ. ಕಿತ್ತುಹಾಕಬೇಕಾ ಮೇಡಂ?

ಉತ್ತರ: ಮೊದಲು ಪುಂಡಿಯೋ ನೋಡಿ, ಅದರ ಶಾಸ್ತ್ರೀಯ ಹೆಸರೇ ಹೈಬಿಸ್ಕಸ್ ಕ್ಯಾನಬಿನಸ್, ಭಂಗಿಯನ್ನು ಹೋಲುವುದು ಅಂತ. ಪುಂಡಿಯದು ಸೀಳಿದ ಒಂದೇ ಎಲೆ, ಬಾಯಿಗೆ ಹುಳಿ. ಹೂವು ದೊಡ್ಡದು, ತಿಳಿಹಳದಿ, ನಡುವೆ ಕಡುಗೆಂಪು. ಭಂಗಿಯಲ್ಲಿ ಗರಗಸದಂಚಿನ 5, 7 ಅಥವಾ 9 ಕಿರುಎಲೆ ತೊಟ್ಟಿನ ತುದಿಯಿಂದಲೇ ಬಿಡಿಬಿಡಿ. ಪುಂಡಿಯಾದರೆ ಪಲ್ಯ ಮಾಡಿ. ಭಂಗಿಯಾದರೆ ಕಿತ್ತುಬಿಡಿ, ಪರವಾನಗಿಯಿಲ್ಲದೆ ಬೆಳೆಸುವುದು 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ.