ಅನ್ನ ಬಿಟ್ಟ ರೈಡರ್

ಅತ್ತಿಗೆ, ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮುಗಿಸ್ಕೊಂಡು ಕೇಳಿ. ಮಗ ಕಬಡ್ಡಿ ತಂಡದ ಹಾಸ್ಟೆಲ್‌ಗೆ ಸೇರಿದ ಮೇಲೆ ಅನ್ನ, ಮುದ್ದೆ ಎರಡೂ ಬಿಟ್ಟಿದ್ದಾನೆ, ಮೊಟ್ಟೆ ಬಿಳಿ ಮತ್ತೆ ಪ್ರೋಟೀನ್ ಪೌಡರ್ ಮೇಲೇ ಇದ್ದಾನೆ, ಸೆಕೆಂಡ್ ಹಾಫಲ್ಲಿ ಕಾಲು ಏಳಲ್ಲ ಅಂತಾನೆ, ತೂಕ 72 ಕೆಜಿ ಅಂದ್ರಲ್ಲ. ಟಾನಿಕ್ ಹುಡುಕೋಕೆ ಮುಂಚೆ ತಟ್ಟೆ ನೋಡಿ.

ದೊಡ್ಡ ದೊಡ್ಡ ತಂಡಗಳಲ್ಲಿ ಆಡೋರಲ್ಲೂ ಇದೇ ಪಾಡು. ಪ್ರೋಟೀನ್ ಎಷ್ಟು ಅಂತ ಕೇಳಿ, ಗ್ರಾಂ ಲೆಕ್ಕದಲ್ಲಿ ಒಪ್ಪಿಸ್ತಾರೆ. ಕಾರ್ಬೋಹೈಡ್ರೇಟ್ ಎಷ್ಟು ಅನ್ನಿ, 'ಅದು ಹೊಟ್ಟೆ ಬರಿಸುತ್ತೆ ಸಾರ್' ಅಂತಾರೆ.

ಒಂದು ರೈಡ್ ಅಂದ್ರೆ 30 ಸೆಕೆಂಡು. ಅಷ್ಟರಲ್ಲಿ ಜಿಗೀಬೇಕು, ಎಳೆದಾಡಬೇಕು. ಕೊಬ್ಬು ಕರಗಿ ಶಕ್ತಿ ಕೊಡೋದು ನಿಧಾನ, ಅಲ್ಲಿಗೆ ಅದು ಸಾಲಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದ್ರೆ ಗ್ಲೈಕೋಜನ್ ಬೇಕು, ಅದು ತುಂಬೋದು ಅನ್ನ, ಮುದ್ದೆ, ಚಪಾತಿ, ಹಣ್ಣಿಂದ. ಎರಡು ಹೊತ್ತು ಪ್ರಾಕ್ಟೀಸ್ ಮಾಡಿ ರಾತ್ರಿ ಆರು ಮೊಟ್ಟೆ ಬಿಳಿ ತಿಂದು ಮಲಗಿದ್ರೆ ತೊಟ್ಟಿ ತುಂಬೋದು ಹೇಗೆ? ಮೊದಲ 20 ನಿಮಿಷ ಹೇಗೋ ತಳ್ತಾನೆ, ಆಮೇಲಿನ 20ರಲ್ಲಿ ಸಿಕ್ಕಿಬೀಳ್ತಾನೆ. ಸಾಲದ್ದಕ್ಕೆ ತಿಂದ ಪ್ರೋಟೀನಲ್ಲೂ ಒಂದು ಪಾಲು ಉರುವಲಾಗಿ ಹೋಗುತ್ತೆ. ಅಷ್ಟು ದುಡ್ಡು ಕೊಟ್ಟ ಪೌಡರ್ ಒಲೆಗೆ ಹಾಕಿದ ಹಾಗೆ.

ಅವನಷ್ಟು ಆಡೋರಿಗೆ ದಿನಕ್ಕೆ ಕೆಜಿ ತೂಕಕ್ಕೆ 5ರಿಂದ 7 ಗ್ರಾಂ ಕಾರ್ಬ್ ಬೇಕು. ಇವನಿಗೆ 360ರಿಂದ 500. ಬೆಂದ ಅನ್ನ 100 ಗ್ರಾಂ ಅಂದ್ರೆ ಬರೀ 28, ಅದೇ 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 70ರ ಹತ್ತಿರ. ಪ್ರೋಟೀನ್ ಕೆಜಿಗೆ 1.6ರಂತೆ 115 ಗ್ರಾಂ ಸಾಕು, ಅದೂ 20–25ರಂತೆ ನಾಲ್ಕೈದು ಸಲ. ಮೊಟ್ಟೆ ಇಡೀದೇ ತಿನ್ನಲಿ, ಒಂದರಲ್ಲಿರೋ 6 ಗ್ರಾಂನಲ್ಲಿ ಅರ್ಧದ ಹತ್ತಿರ ಹಳದಿಯಲ್ಲೇ ಇದೆ. ಮತ್ತೆ ಮೆಸ್ಸಿನ ಸಾಂಬಾರ್ ನೀರನ್ನ ಬೇಳೆ ಅಂತ ಲೆಕ್ಕಕ್ಕೆ ಹಿಡೀಬೇಡಿ.

ಮ್ಯಾಚ್ ಸಂಜೆ 5ಕ್ಕಿದ್ರೆ ಊಟ ಒಂದೂವರೆಗೆ. ಅನ್ನ, ತಿಳಿ ತೊವ್ವೆ, ಮೊಸರು. ಆವತ್ತು ಮಧ್ಯಾಹ್ನ ಮಾತ್ರ ಮುದ್ದೆ, ಹುರುಳಿ ಸಾರು, ಬೋಂಡ ಬೇಡ. ನಾರು, ಎಣ್ಣೆ ಜಾಸ್ತಿ ಇದ್ರೆ ಹೊಟ್ಟೆ ಖಾಲಿಯಾಗೋದು ತಡ, ಮ್ಯಾಟ್ ಮೇಲೆ ಭಾರ. 4 ಗಂಟೆಗೆ ಎರಡು ಬಾಳೆಹಣ್ಣು.

ಜಾಸ್ತಿ ಎಡವೋದು ಮ್ಯಾಚ್ ಮುಗಿದ ಮೇಲೆ. ಸ್ನಾನ, ಸೆಲ್ಫಿ, ಬಸ್ಸು, ರೂಮಿಗೆ ಬರೋ ಹೊತ್ತಿಗೆ ಮೆಸ್ ಬಾಗಿಲು ಹಾಕಿರುತ್ತೆ. ಎಲ್ಲಾ ಗೊತ್ತಿರೋನೂ ಆವಾಗ ಚಿಪ್ಸ್ ತಿಂದು ಮಲಗ್ತಾನೆ. ಅದಕ್ಕೇ ಬ್ಯಾಗಲ್ಲಿ ಡಬ್ಬಿ ಇರಲಿ: ಗಟ್ಟಿ ಅವಲಕ್ಕಿ 60 ಗ್ರಾಂ ತೂಗಿ ಒಗ್ಗರಣೆ ಹಾಕಿದ್ದು, ಒಂದು ಬಾಳೆಹಣ್ಣು, ಎರಡು ಬೇಯಿಸಿದ ಮೊಟ್ಟೆ, ಒಂದು ಪ್ಯಾಕೆಟ್ ಹಾಲು. ಕಾರ್ಬ್ 70ರ ಮೇಲೆ, ಪ್ರೋಟೀನ್ 20ರ ಮೇಲೆ. ಒಂದು ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು. ರಾತ್ರಿ ಊಟ ಇದಲ್ಲದೆ ಬೇರೆ.

ನೀರಿಗೆ ತಕ್ಕಡಿಯೇ ಗುರು. ಮ್ಯಾಚಿಗೆ ಮುಂಚೆ, ಆಮೇಲೆ ಬೆವರು ಒರೆಸಿಕೊಂಡು, ಒಳ ಚಡ್ಡಿಯಲ್ಲೇ ತೂಕ ನೋಡಲಿ. ಒಂದು ಕೆಜಿ ಇಳಿದಿದ್ರೆ ಒಂದೂಕಾಲರಿಂದ ಒಂದೂವರೆ ಲೀಟರ್, ಮೂರು-ನಾಲ್ಕು ಗಂಟೆಯಲ್ಲಿ ಗುಟುಕು ಗುಟುಕಾಗಿ. ಬರೀ ನೀರಲ್ಲ, ನಡುವೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ಬರೀ ನೀರೇ ಲೀಟರ್‌ಗಟ್ಟಲೆ ಸುರ್ಕೊಂಡ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತುತ್ತೆ, ಜೀವಕ್ಕೂ ಅಪಾಯ.

ತೂಕದ ಮಿತಿ ಅಂತ ಹಿಂದಿನ ದಿನ ನೀರು ಬಿಡೋದು, ಜಾಕೆಟ್ ಹಾಕ್ಕೊಂಡು ಓಡೋದು ಬೇಡವೇ ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಮೊದಲ ದಿನ 50 ಕೆಜಿ ಮಿತಿಯೊಳಗೇ ತೂಗಿದ್ರು, ಅದೇ ದಿನ ಮೂರು ಕುಸ್ತಿ ಗೆದ್ರು. ಚೇತರಿಸಿಕೊಳ್ಳೋಕೆ ತಿಂದದ್ದು, ಕುಡಿದದ್ದು ಸೇರಿ ತೂಕ ಏರಿತು, ರಾತ್ರಿಯಿಡೀ ಇಳಿಸಿದ್ರೂ ಬೆಳಿಗ್ಗೆ 100 ಗ್ರಾಂ ಜಾಸ್ತಿ ಉಳೀತು, ಫೈನಲ್ ಆಡೋಕೇ ಬಿಡಲಿಲ್ಲ. ಜೊತೆಗೆ ಡಾಕ್ಟರು, ಕೋಚು ಎಲ್ಲಾ ಇದ್ದವರ ಕತೆ ಇದು.

ಇನ್ನು ಪೌಡರ್. ಸಾಮಾನ್ಯವಾಗಿ ಒಂದು ಸ್ಕೂಪಲ್ಲಿ 24 ಗ್ರಾಂ, ನಾಲ್ಕು ಮೊಟ್ಟೆಗೆ ಸಮ. ಡಬ್ಬದ ಮೇಲಿನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಅಂದ್ರೆ ನಿಷೇಧಿತ ಔಷಧಿ ಇಲ್ಲ ಅಂತ ಅರ್ಥ ಅಲ್ಲ. ನಾಡಾ, ಅಂದ್ರೆ ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆಯ ಟೆಸ್ಟಲ್ಲಿ ಸಿಕ್ಕಿದ್ರೆ 'ಅಂಗಡಿಯವನು ಕೊಟ್ಟ' ಅಂದು ಪಾರಾಗೋಕಾಗಲ್ಲ, ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಡಬ್ಬದ ಬ್ಯಾಚ್ ನಂಬರ್ ಫೋಟೋ ಇವತ್ತೇ ಕಳಿಸೋಕೆ ಹೇಳಿ. ಜೊತೆಗೆ ಮೂರು ದಿನ ತಿಂದದ್ದನ್ನೆಲ್ಲ ಹೊತ್ತಿನ ಸಮೇತ ಬರೆದು ಹಾಕಲಿ, ಊಟದ ಬೆನ್ನಿಗೇ ಕುಡಿಯೋ ಟೀನೂ ಸೇರಿಸಿ, ಕಬ್ಬಿಣಾಂಶ ಹೀರೋಕೆ ಅದು ಅಡ್ಡ ಬರುತ್ತೆ.