ಜೊತೆಗಿದ್ದವರು ಹಿಂದೆ ಸರಿದಾಗ: ಓದುಗರ ಸ್ಪಂದನ

ಕಳೆದ ಸಲದ ಸಮಸ್ಯೆ: "ನಮ್ಮ ಹಳ್ಳಿಯ ಕಿರಾಣಿ ಅಂಗಡಿ, ಗೂಡಂಗಡಿಗಳಲ್ಲಿ ಲೈಸೆನ್ಸ್ ಇಲ್ಲದೆ ಮದ್ಯದ ಪ್ಯಾಕೆಟ್ ಮಾರುತ್ತಾರೆ. ಸ್ತ್ರೀಶಕ್ತಿ ಸಂಘದ ಹೆಂಗಸರು ಸೇರಿ ಎರಡು ವರ್ಷದಿಂದ ಹೋರಾಡುತ್ತಿದ್ದೇವೆ. ಒಮ್ಮೆ ಮಾರಾಟ ನಿಂತಿತು, ತಿಂಗಳಾಗುವಷ್ಟರಲ್ಲಿ ಮತ್ತೆ ಶುರುವಾಯಿತು. ಮೊದಲು ಮೂವತ್ತು ಜನ ಇದ್ದೆವು, ಈಗ ನಾಲ್ಕೇ ಜನ. ಊರ ಉಸಾಬರಿ ನಿನಗ್ಯಾಕೆ ಅಂತ ಮನೆಯವರು ದಿನಾ ಬೈಯುತ್ತಾರೆ. ಮಗಳ ಸಂಬಂಧದ ಮಾತಿಗೆ ಬಂದವರೂ ಇದನ್ನೇ ಎತ್ತಿ ಆಡಿದರು. ನಾನೂ ಬಿಟ್ಟುಬಿಡಲೇ?" — ರಾಯಚೂರು ಜಿಲ್ಲೆಯ ಓದುಗರು

ಅಕ್ಕಾ, ಮದ್ಯ ನಿಷೇಧ ಬೇಕು ಅಂತ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಲ್ಲಿ ನಾನೂ ಒಬ್ಬಳು. ಸುಮಾರು 200 ಕಿಲೋಮೀಟರ್ ದಾರಿ. ನಿಷೇಧ ಬರಲಿಲ್ಲ, ನಿಮಗೂ ಗೊತ್ತು. ಊರಿಗೆ ಬಂದ ಮೇಲೆ "ಅಷ್ಟು ದೂರ ನಡೆದು ಏನು ಕಡಿದು ಕಟ್ಟೆ ಹಾಕಿದಿರಿ" ಅಂತ ಕೇಳಿದವರೇ ಜಾಸ್ತಿ.

ಮೂವತ್ತು ಜನ ನಾಲ್ಕಾದರು ಅಂತ ಬರೆದಿದ್ದೀರಿ. ಉಳಿದವರು ಯಾಕೆ ಬರುತ್ತಿಲ್ಲ ಅಂತ ಅವರವರ ಮನೆಗೆ ಹೋಗಿ ಕೇಳಿದ್ದೀರಾ? ಸಿಟ್ಟಿನಿಂದ ಅಲ್ಲ, ಸುಮ್ನೆ ಚಹಾ ಕುಡಿಯೋಕೆ ಹೋದ ಹಾಗೆ ಹೋಗಿ. ನಮ್ಮೂರಲ್ಲಿ ಕೇಳಿದಾಗ ಹೊರಬಿದ್ದ ಸಂಗತಿ ಬೇರೆಯೇ ಇತ್ತು. ಪ್ಯಾಕೆಟ್ ಮಾರುವ ಅಂಗಡಿಯಲ್ಲೇ ಅವರ ಬೇಳೆ, ಸಕ್ಕರೆ, ಸೋಪಿನ ಉದ್ರಿ ಇತ್ತು. "ಬಾಕಿ ಚುಕ್ತಾ ಮಾಡು" ಅಂತ ಅವನು ಒಂದು ಮಾತು ಅಂದರೆ ಮುಗೀತಲ್ವಾ? ಇನ್ನೊಬ್ಬಳಿಗೆ ಅಂಗಡಿಯವನು ಬೀಗನಾಗಬೇಕು. ಮತ್ತೊಬ್ಬಳು, "ಸಂಜೆ ಮೀಟಿಂಗ್ ಇಟ್ಟರೆ ರೊಟ್ಟಿ ಬಡಿಯೋರು ಯಾರು" ಅಂದಳು. ಇವರನ್ನು ಹೇಡಿಗಳು ಅಂತ ಹೇಗೆ ಅನ್ನೋದು?

ಸಂಘದ ಉಳಿತಾಯದಿಂದ ಸಾಲ ಕೊಟ್ಟು ಕೆಲವರ ಉದ್ರಿ ತೀರಿಸಿದೆವು. ಮೀಟಿಂಗನ್ನು ಸಂಜೆ ಬಿಟ್ಟು ನರೇಗಾ ಕೆಲಸದ ಜಾಗದಲ್ಲೇ ಊಟದ ಹೊತ್ತಿಗೆ ಇಟ್ಟೆವು. ಎಲ್ಲರೂ ವಾಪಸ್ ಬರಲಿಲ್ಲ. ಬೀಗರಾಗಬೇಕಾದವಳು ಇವತ್ತಿಗೂ ಬರೋದಿಲ್ಲ. ಆದರೆ ಇವತ್ತು ಯಾರ ಅಂಗಡಿಗೆ ಮಾಲು ಬಂತು ಅಂತ ಅವಳೇ ನಮಗೆ ಸುದ್ದಿ ಮುಟ್ಟಿಸುತ್ತಾಳೆ.

ಮಗಳ ವಿಷಯ. ಊರಿಗೆ ಒಳ್ಳೆಯದಾಗಲಿ ಅಂತ ಓಡಾಡುವ ಬೀಗತಿ ಬೇಡ ಅನ್ನುವ ಮನೆಗೆ ಹೆಣ್ಣು ಕೊಡಲೇಬೇಕಾ? ದೂರದಿಂದ ಹೇಳೋದು ಸುಲಭ, ಒಪ್ಪುತ್ತೇನೆ. ಬೇರೆ ಯಾರನ್ನೂ ಕೇಳಬೇಡಿ, ಮಗಳನ್ನೇ ಕೇಳಿ.
— ಕೂಲಿ ಕಾರ್ಮಿಕರ ಸಂಘದ ಸದಸ್ಯೆ, ಕೊಪ್ಪಳ ಜಿಲ್ಲೆ

ನಿಮ್ಮ ಪತ್ರ ಓದಿದಾಗ ನನಗೆ ಕುಸನೂರು ನೆನಪಾಯಿತು. 1984ರಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಒಂದು ಜಂಟಿ ಕಂಪನಿ ಮಾಡಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಜಮೀನು ಕೊಡುವ ಯೋಜನೆ ಅದು. ದಾಖಲೆಯಲ್ಲಿ ಅದು ಸರ್ಕಾರದ ಜಾಗ. ಜನರ ಪಾಲಿಗೆ ದನ ಮೇಯುವ, ಸೌದೆ ತರುವ ಗೋಮಾಳ.

1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಊರಿಗೆ ಉಪಯೋಗವಾಗುವ ಸಸಿ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಅಂತಲೇ ಅದು ಹೆಸರಾಯಿತು. ಎಲ್ಲರ ನೆನಪಲ್ಲಿ ಉಳಿದಿರುವುದು ಆ ಒಂದು ದಿನ. ಅದಕ್ಕೂ ಮೊದಲೇ ಹಳ್ಳಿ ಹಳ್ಳಿ ತಿರುಗಿ ಸಭೆ ಮಾಡಿದ್ದರು, ಸಹಿ ಸಂಗ್ರಹಿಸಿದ್ದರು, ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಕಂಪನಿ ಮುಚ್ಚಿದ್ದು 1991ರಲ್ಲಿ.

ನಾನು ಆಗ ಕಾಲೇಜು ಹುಡುಗ. ಸಸಿ ಕಿತ್ತ ದಿನ ಬಂದ ಜನವೆಲ್ಲ ಮುಂದೆ ಪ್ರತಿ ಸಭೆಗೂ ಬರುತ್ತಾರೆ ಅಂತ ಮುಂದಾಳುಗಳು ಕಾಯುತ್ತ ಕೂತಿದ್ದರೆ ಎಂದೋ ಕೈಚೆಲ್ಲುತ್ತಿದ್ದರು. ಹೊಲದ ಕೆಲಸ ಇದ್ದಾಗ ಜನ ಹೊಲಕ್ಕೆ ಹೋಗುತ್ತಾರೆ. ಕಾಗದ ಪತ್ರ, ಕೋರ್ಟು, ಓಡಾಟ ಅಂತ ದಿನಾ ಕೆಲಸ ಮಾಡುವವರು ಯಾವ ಚಳವಳಿಯಲ್ಲೂ ಬೆರಳೆಣಿಕೆಯಷ್ಟೇ. ಹಾಗಾಗಿ ನಾಲ್ಕು ಜನ ಇದ್ದೀರಿ ಅಂದಾಗ ನನಗೇನೂ ಗಾಬರಿಯಾಗಲಿಲ್ಲ. ವರ್ಷಕ್ಕೆ ಎರಡು ಸಲ ಮೂವತ್ತು ಜನ ಬಂದರೂ ಸಾಕು. ಅದನ್ನು ಯಾವ ದಿನಕ್ಕೆ ಕರೆಯಬೇಕು ಅಂತ ನೀವು ನಾಲ್ವರು ಕೂತು ಯೋಚಿಸಿ.

ಇನ್ನೊಂದು ಮಾತು. ಕಿತ್ತು ಸುಮ್ಮನೆ ಬಂದಿದ್ದರೆ ಅದು ಬರೀ ಗಲಾಟೆ ಅನ್ನಿಸಿಕೊಳ್ಳುತ್ತಿತ್ತು. ಅಂಗಡಿ ಮುಚ್ಚಿಸಿ ಅನ್ನೋದರ ಜೊತೆ ಊರಿಗೆ ಏನು ಬೇಕು ಅನ್ನೋದನ್ನೂ ಕೇಳಿ. ವಾಚನಾಲಯವೋ, ಹುಡುಗರಿಗೆ ಒಂದು ಆಟದ ಮೈದಾನವೋ, ಏನಾದರೂ.
— ನಿವೃತ್ತ ಶಿಕ್ಷಕ, ಹಾವೇರಿ

ನಾನು ಬೆಂಗಳೂರಿನವಳು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಕಟ್ಟಬೇಕೆಂದಿದ್ದ ಸ್ಟೀಲ್ ಫ್ಲೈಓವರ್ ಬೇಡ ಅಂತ 2016ರ ಅಕ್ಟೋಬರ್‌ನಲ್ಲಿ ಮಾನವ ಸರಪಳಿ ಮಾಡಿದೆವು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಐದೇ ತಿಂಗಳು! ಆದರೆ ನಮ್ಮ ಕಡೆ ಟಿವಿ ಕ್ಯಾಮೆರಾ ಇತ್ತು, ವಕೀಲರಿದ್ದರು, ಭಾನುವಾರ ರಜೆ ಇತ್ತು. ನಮ್ಮ ಎದುರು ಇದ್ದವರು ಪಕ್ಕದ ಮನೆಯವರಲ್ಲ. ನಿಮ್ಮದು ದಿನಾ ಮುಖ ನೋಡಬೇಕಾದವರ ಜೊತೆ ಜಗಳ. ನಗರದ ಇಂಥ ಗೆಲುವಿನ ಕಥೆ ಯಾರಾದರೂ ಹೇಳಿದರೆ ಅದನ್ನು ನಿಮ್ಮ ಹೋರಾಟಕ್ಕೆ ಅಳತೆಗೋಲು ಮಾಡಿಕೊಳ್ಳಬೇಡಿ.
— ಐಟಿ ಉದ್ಯೋಗಿ, ಬೆಂಗಳೂರು

ಮೇಡಂ, ನಾನು ಕೆಲಸದ ಮಾತಷ್ಟೇ ಬರೆಯುತ್ತೇನೆ. ಇಷ್ಟು ದಿನ ಕೊಟ್ಟ ಮನವಿಗಳಿಗೆಲ್ಲ ಸೀಲು, ಸಹಿ ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಕಚೇರಿಯ ಲೆಕ್ಕದಲ್ಲಿ ನೀವು ಮನವಿ ಕೊಟ್ಟೇ ಇಲ್ಲ. ಇನ್ನು ಮುಂದೆ ಒಂದು ಫೈಲ್ ಮಾಡಿ, ತಾರೀಖಿನ ಪ್ರಕಾರ ಎಲ್ಲ ಅದರಲ್ಲಿ ಇರಲಿ.

ಮಾಹಿತಿ ಹಕ್ಕಿನಲ್ಲಿ ಅಬಕಾರಿ ಇಲಾಖೆಗೆ ಒಂದು ಅರ್ಜಿ ಹಾಕಿ. ಮೂರು ವರ್ಷದಲ್ಲಿ ನಿಮ್ಮ ಊರಿನಲ್ಲಿ ಅಕ್ರಮ ಮದ್ಯ ಮಾರಾಟದ ಎಷ್ಟು ಕೇಸು ದಾಖಲಾಗಿವೆ, ಅವು ಏನಾದವು, ಇಷ್ಟೇ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಿ. "ನಿಮ್ಮೂರಲ್ಲಿ ಮಾರಾಟವೇ ಇಲ್ಲ" ಅಂತ ಉತ್ತರ ಬಂದರೂ ಒಳ್ಳೆಯದೇ. ಅದನ್ನೇ ಹಿಡಿದು ಗ್ರಾಮ ಸಭೆಗೆ ಹೋಗಿ. ಅಲ್ಲಿ ಬಾಯಿ ಮಾತಿಗೆ ಬಿಡಬೇಡಿ, ಠರಾವು ಬರೆಸಿ, ನಡಾವಳಿಯ ನಕಲು ಪಿಡಿಒ ಅವರಿಂದ ಪಡೆಯಿರಿ.

ಎಲ್ಲ ಅರ್ಜಿಗೂ ನಿಮ್ಮ ಒಬ್ಬರದೇ ಹೆಸರು ಹಾಕಬೇಡಿ. ಬೆದರಿಕೆ ಬಂದರೆ ಒಬ್ಬರ ಮೇಲೇ ಬರುತ್ತದೆ. ನಾಲ್ವರೂ ಸರದಿಯ ಮೇಲೆ ಹಾಕಿ. ಅಂಗಡಿಗೆ ನುಗ್ಗಿ ಪ್ಯಾಕೆಟ್ ಒಡೆಯುವ ಕೆಲಸವಂತೂ ಬೇಡವೇ ಬೇಡ. ಕೇಸು ನಿಮ್ಮ ಮೇಲೆಯೇ ಬೀಳುತ್ತದೆ, ಮಾರುವವನು ಸಾಕ್ಷಿಯಾಗುತ್ತಾನೆ!
— ವಕೀಲೆ, ದಾವಣಗೆರೆ

ಬಿಡಬೇಕು ಅನ್ನಿಸಿದರೆ ಬಿಡಿ ತಾಯಿ. ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಫೈಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಬಿಡಿ, ಅಷ್ಟೇ.
— ಹಳೆಯ ಚಳವಳಿಗಾರ, ಧಾರವಾಡ

ಇಲ್ಲಿ ಬಳ್ಳಾರಿ ಕಡೆ ಆಂಧ್ರದ ಸುದ್ದಿ ಬೇಗ ಮುಟ್ಟುತ್ತದೆ. ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯಲ್ಲಿ ಅಕ್ಷರ ಕಲಿಯಲು ಸೇರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಅದು ಜಿಲ್ಲೆಯನ್ನು ದಾಟಿ ಹಬ್ಬಿತು. 1993ರ ಅಕ್ಟೋಬರ್‌ನಿಂದ ಆ ರಾಜ್ಯದಲ್ಲಿ ಸಾರಾಯಿ ನಿಂತಿತು. 1995ರಲ್ಲಿ ಪೂರ್ತಿ ಪಾನನಿಷೇಧವೇ ಬಂತು. 1997ರಲ್ಲಿ ಅದನ್ನು ತೆಗೆದೂ ಹಾಕಿದರು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಸಾರಾಯಿ ಪ್ಯಾಕೆಟ್ ಇದ್ದ ಕಡೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ನಿಮ್ಮೂರಲ್ಲಿ ಈಗ ಮಾರುತ್ತಿರುವುದು ಅದನ್ನೇ ಅಲ್ವಾ?

ಇದನ್ನೆಲ್ಲ ಹೇಳಿ ನಿಮ್ಮ ಧೈರ್ಯ ಕುಂದಿಸುತ್ತಿಲ್ಲ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಮಾತು ಆಡುತ್ತದೆ, ಆದರೆ ಅಬಕಾರಿ ದುಡ್ಡಿಲ್ಲದೆ ರಾಜ್ಯದ ಬೊಕ್ಕಸ ನಡೆಯುವುದು ಕಷ್ಟ. ಯಾವ ಪಕ್ಷ ಬಂದರೂ ಇದೇ ಕತೆ. ಹಾಗಾಗಿ ಇಡೀ ರಾಜ್ಯದ ನಿಷೇಧ ಒಂದು ಜಗಳ, ನಿಮ್ಮ ಊರಿನ ಅಕ್ರಮ ಮಾರಾಟ ಇನ್ನೊಂದು. ಎರಡನ್ನೂ ಒಂದೇ ಮನವಿಯಲ್ಲಿ ಬರೆದರೆ ತಹಶೀಲ್ದಾರರು "ಅದು ಸರ್ಕಾರದ ಮಟ್ಟದ ವಿಷಯ" ಅಂತ ಕೈ ತೊಳೆದುಕೊಳ್ಳುತ್ತಾರೆ. ಲೈಸೆನ್ಸ್ ಇಲ್ಲದ ಅಂಗಡಿಯಲ್ಲಿ ಮಾರೋದು ಈಗಿರುವ ಕಾನೂನಿನಲ್ಲೇ ಅಪರಾಧ. ಹೊಸ ಕಾನೂನು ಬೇಕಿಲ್ಲ. ಇರೋದನ್ನು ಜಾರಿ ಮಾಡಿ ಅಂತ ಕೇಳಿ.
— ಅಂಗನವಾಡಿ ಕಾರ್ಯಕರ್ತೆ, ಬಳ್ಳಾರಿ ಜಿಲ್ಲೆ

ನಾನು ಕುಡಿಯುತ್ತಿದ್ದವನು, ಈಗ ಬಿಟ್ಟಿದ್ದೇನೆ. ಆ ಕಡೆಯಿಂದ ಎರಡು ಮಾತು. ನಮ್ಮೂರಲ್ಲೂ ಹೆಂಗಸರು ಅಂಗಡಿ ಮುಂದೆ ಕೂತಿದ್ದರು. ಕುಡಿದವರನ್ನು ಹಿಡಿದು ನಿಲ್ಲಿಸಿ ನಾಲ್ಕು ಜನರ ಎದುರು ಮರ್ಯಾದೆ ತೆಗೆದರು. ಮಾರುವವನಿಗೆ ಅದರಿಂದ ಲಾಭವೇ ಆಯಿತು, ಊರಿನ ಗಂಡಸರೆಲ್ಲ ಅವನ ಕಡೆಗೆ ವಾಲಿದರು. ನಿಮ್ಮ ಸಿಟ್ಟು ಮಾರುವವನ ಮೇಲೆ ಇರಲಿ.

ಎರಡನೆಯದು ತುಂಬಾ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ವರ್ಷಗಟ್ಟಲೆ ದಿನಾ ಕುಡಿಯುವವನಿಗೆ ಒಂದೇ ಸಲಕ್ಕೆ ನಿಂತರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ. ಜೀವಕ್ಕೂ ಅಪಾಯ. ಅಂಗಡಿ ಮುಚ್ಚಿಸುವ ಮುಂಚೆಯೇ ಅಂಥವರು ಊರಲ್ಲಿ ಯಾರಿದ್ದಾರೆ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೋದ ಸಲ ಮಾರಾಟ ನಿಂತಾಗ ಯಾರ್ಯಾರಿಗೆ ಹೀಗೆ ಆಗಿತ್ತು ಅಂತ ಅವರ ಮನೆಯ ಹೆಂಗಸರನ್ನು ಕೇಳಿ ನೋಡಿ. ನಿಮ್ಮ ಗುಂಪು ಬಿಟ್ಟು ಹೋದವರಲ್ಲಿ ಅವರೂ ಇರಬಹುದು.
— ಆಟೋ ಚಾಲಕ, ಹೊಸಪೇಟೆ